ನೋವಾಗುತ್ತೆ ಪುಟ್ಟಿ, ಹತ್ತು ಎಣಿಸು: ಹಾಸನದ ಒಂದು ಮಕ್ಕಳ ವಾರ್ಡ್‌ನಲ್ಲಿ ಹನ್ನೊಂದು ದಿನ

ನಾನು ಆಲೂರಿನಲ್ಲಿ ಟೈಲರಿಂಗ್ ಮಾಡುತ್ತೇನೆ. ಬ್ಲೌಸ್, ಸೀರೆ ಫಾಲ್ಸ್, ಸ್ಕೂಲ್ ಯೂನಿಫಾರಂ. ಹೋಟೆಲ್ ಬಗ್ಗೆ, ಮಿಕ್ಸಿ ಬಗ್ಗೆ ಜನ ರಿವ್ಯೂ ಬರೆಯುವುದನ್ನು ಓದುತ್ತಿರುತ್ತೇನೆ. ಮಗಳಿಗೆ ಹುಷಾರಿಲ್ಲದಾಗ ಮಕ್ಕಳ ವಾರ್ಡ್‌ಗಳ ಬಗ್ಗೆಯೂ ಹುಡುಕಿದೆ. ಡಾಕ್ಟರ್ ಒಳ್ಳೆಯವರು, ಪಾರ್ಕಿಂಗ್ ಇಲ್ಲ, ಬಿಲ್ ಜಾಸ್ತಿ, ಇಷ್ಟೇ ಸಿಕ್ಕಿದ್ದು. ರಾತ್ರಿ ತಾಯಿ ಎಲ್ಲಿ ಮಲಗುತ್ತಾಳೆ, ಸೂಜಿ ಚುಚ್ಚುವಾಗ ಮಗುವನ್ನು ಯಾರು ಹಿಡಿದುಕೊಳ್ಳುತ್ತಾರೆ, ಆಡುವುದಕ್ಕೆ ಏನಾದರೂ ಇದೆಯಾ ಅಂತ ಯಾರೂ ಬರೆದಿರಲಿಲ್ಲ. ಹನ್ನೊಂದು ದಿನ ಇದ್ದು ಬಂದಿದ್ದೇನೆ, ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಒಳ್ಳೆಯದರ ಜೊತೆ ಕೊರತೆಗಳನ್ನೂ ಬರೆಯುವುದಿದೆ, ಅದರಿಂದ ಅಲ್ಲಿ ಹಗಲು ರಾತ್ರಿ ದುಡಿಯುವ ಸಿಸ್ಟರ್‌ಗಳಿಗೆ ತೊಂದರೆ ಆಗಬಾರದು. ಹಾಸನ ಪೇಟೆಯಲ್ಲಿದೆ ಅಂತ ತಿಳಿದುಕೊಂಡರೆ ಸಾಕು. ನೀವು ಯಾವ ಆಸ್ಪತ್ರೆಗೇ ಹೋದರೂ ಇದರಲ್ಲಿ ಕೇಳಿ ಪಡೆಯುವಂಥ ವಿಷಯಗಳಿವೆ.

ಮಗಳಿಗೆ ಆರು ವರ್ಷ. ಮನೆಯಲ್ಲಿ ಪುಟ್ಟಿ ಅಂತ ಕರೆಯುತ್ತೇವೆ. ಹಾಸನಾಂಬ ದೇವಸ್ಥಾನದ ಬಾಗಿಲು ತೆರೆಯುವುದಕ್ಕೆ ಒಂದು ವಾರ ಮುಂಚೆ, ಬೆಳಿಗ್ಗೆ ಎದ್ದಾಗ ಅವಳ ಕಣ್ಣಿನ ಸುತ್ತ ಊದಿಕೊಂಡಿತ್ತು. ಏನೋ ಹುಳ ಮುಟ್ಟಿದೆ ಅಂದುಕೊಂಡೆವು. ಸಂಜೆ ಹೊತ್ತಿಗೆ ಇಳಿಯಿತು. ಮಾರನೇ ದಿನ ಮತ್ತೆ ಊತ. ನಾಲ್ಕನೇ ದಿನ ಕಾಲೂ ಊದಿ ಚಪ್ಪಲಿ ಹಾಕಲು ಆಗಲಿಲ್ಲ. ಉಚ್ಚೆಯಲ್ಲಿ ಸೋಪು ಕಲಸಿದ ಹಾಗೆ ನೊರೆ. ಇದಕ್ಕೆ ನೆಫ್ರೋಟಿಕ್ ಸಿಂಡ್ರೋಮ್ ಅಂತಾರೆ ಅಂತ ಆಮೇಲೆ ಗೊತ್ತಾಯಿತು. ಕಿಡ್ನಿಯ ಜರಡಿ ಸಡಿಲವಾಗಿ ಪ್ರೋಟೀನ್ ಉಚ್ಚೆಯಲ್ಲಿ ಸೋರಿಹೋಗುತ್ತದೆ, ಮೈಯಲ್ಲಿ ನೀರು ನಿಲ್ಲುತ್ತದೆ. ಚಿಕ್ಕ ಮಕ್ಕಳಲ್ಲೇ ಜಾಸ್ತಿ. ಹೆಚ್ಚಿನವರಿಗೆ ಸ್ಟೀರಾಯ್ಡ್ ಮಾತ್ರೆಯಲ್ಲಿ ಗುಣ ಕಾಣುತ್ತದೆ, ಆದರೆ ಮತ್ತೆ ಮತ್ತೆ ಬರುವ ಸಾಧ್ಯತೆ ಇರುತ್ತದೆ. ನಿಮ್ಮ ಮಗುವಿಗೆ ಬೆಳಿಗ್ಗೆ ಹೊತ್ತು ಕಣ್ಣು ಊದಿ, ಉಚ್ಚೆ ನೊರೆ ಬಂದರೆ ಅಲರ್ಜಿ ಮಾತ್ರೆ ಕೊಟ್ಟು ಸುಮ್ನೆ ಕೂರಬೇಡಿ. ಉಚ್ಚೆ ಪರೀಕ್ಷೆ ಮಾಡಿಸಿ.

ಮೊದಲು ನಾವು ಹೋಗಿದ್ದು ಬೇರೆ ಕಡೆ. ಅಲ್ಲಿದ್ದದ್ದು ಒಂದೇ ರಾತ್ರಿ. ರಕ್ತ ತೆಗೆಯಬೇಕು ಅಂದರು. "ಅಮ್ಮ, ನೀವು ಹೊರಗಿರಿ" ಅಂತ ನನ್ನನ್ನು ಕಳಿಸಿ ಬಾಗಿಲು ಹಾಕಿಕೊಂಡರು. ಒಳಗಿಂದ "ಏನೂ ಆಗಲ್ಲ ಪಾಪು, ಇರುವೆ ಕಚ್ಚಿದ ಹಾಗೆ ಅಷ್ಟೇ" ಅನ್ನುವುದು ಕೇಳಿಸಿತು. ಆಮೇಲೆ ಅವಳು ಕಿರುಚಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಬಾಗಿಲು ತೆಗೆದಾಗ ನಾಲ್ಕು ಜನ ಅವಳ ಕೈಕಾಲು ಅದುಮಿ ಹಿಡಿದಿದ್ದರು. ಅವರೇನು ಕೆಟ್ಟವರಲ್ಲ. ಕೆಲಸದ ಒತ್ತಡ, ಮಗು ಒದ್ದಾಡುತ್ತದೆ, ಬೇಗ ಮುಗಿಸಬೇಕು. ಆದರೆ ಅವತ್ತಿನಿಂದ ಪುಟ್ಟಿಗೆ ಬಿಳಿ ಕೋಟು ಕಂಡರೆ ನಡುಕ. ನನ್ನ ಮೇಲೂ ಅನುಮಾನ. ಬಾತ್‌ರೂಮಿಗೆ ಕರೆದುಕೊಂಡು ಹೋದರೂ "ಅಮ್ಮ, ನಿಜ ಹೇಳು, ಎಲ್ಲಿಗೆ?" ಅಂತ ಕೇಳುತ್ತಿದ್ದಳು.

ಮಾರನೇ ದಿನ ಈ ವಾರ್ಡ್‌ಗೆ ಬಂದೆವು.

ಇಲ್ಲಿ ಗ್ಲೂಕೋಸ್ ಹಾಕುವ ಸೂಜಿ, ಅಂದರೆ ಕ್ಯಾನುಲಾ ಹಾಕಬೇಕಿತ್ತು. ಒಬ್ಬರು ಸಿಸ್ಟರ್ ಬಂದು ಪುಟ್ಟಿಯ ಎರಡೂ ಕೈ ಮೇಲೆ ಬಿಳಿ ಕ್ರೀಮ್ ಹಚ್ಚಿದರು, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದರು. ಲಿಡೋಕೇಯ್ನ್, ಪ್ರಿಲೋಕೇಯ್ನ್ ಎರಡೂ ಸೇರಿದ ಮರಗಟ್ಟಿಸುವ ಕ್ರೀಮ್ ಅದು. ಹಚ್ಚಿ ಒಂದು ಗಂಟೆಯಾದರೂ ಕಾಯಬೇಕು. ಎರಡು ಕೈಗೂ ಯಾಕೆ ಅಂದರೆ, ಒಂದರಲ್ಲಿ ನರ ಸಿಗದಿದ್ದರೆ ಇನ್ನೊಂದು ಇರಲಿ ಅಂತ. ಮಗು ಊದಿಕೊಂಡಿದ್ದಾಗ ನರ ಸಿಗುವುದು ಕಷ್ಟವಂತೆ.

ಒಂದು ಗಂಟೆ ಬಿಟ್ಟು ಸಿಸ್ಟರ್ ವಾಪಸ್ ಬಂದರು. ಮಂಚದ ಮೇಲೆ ಮಲಗಿಸಲಿಲ್ಲ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಪುಟ್ಟಿಯನ್ನು ನನ್ನ ಎದೆಗೆ ಮುಖ ಮಾಡಿ ತೊಡೆ ಮೇಲೆ ಕೂರಿಸಿದರು. ಅವಳ ಒಂದು ಕೈ ನನ್ನ ಬೆನ್ನ ಹಿಂದೆ, ಇನ್ನೊಂದು ಪಕ್ಕದ ಟೇಬಲ್ ಮೇಲಿನ ದಿಂಬಿನ ಮೇಲೆ. ಎಲ್ಲರ ಹಾಗೆ ನಾನೂ "ಏನೂ ಆಗಲ್ಲ ಕಂದ" ಅನ್ನಲು ಬಾಯಿ ತೆಗೆದೆ. ಸಿಸ್ಟರ್ ನನ್ನ ಕಡೆ ನೋಡಿ ಬೇಡ ಅನ್ನುವ ಹಾಗೆ ತಲೆ ಅಲ್ಲಾಡಿಸಿದರು. ಆಮೇಲೆ ಅವಳಿಗೆ ಹೇಳಿದರು:

"ನೋವಾಗುತ್ತೆ ಪುಟ್ಟಿ. ಕ್ರೀಮ್ ಹಚ್ಚಿರೋದ್ರಿಂದ ಸ್ವಲ್ಪ ಕಮ್ಮಿ ಆಗುತ್ತೆ. ನೀನು ಹತ್ತು ಎಣಿಸು. ಹತ್ತರೊಳಗೆ ಮುಗೀದಿದ್ರೆ ನಾನು ನಿಲ್ಲಿಸ್ತೀನಿ."

"ಹತ್ತಾದ ಮೇಲೂ ಚುಚ್ಚಿದ್ರೆ?"

"ಚುಚ್ಚಲ್ಲ. ನೀನು ಹೂಂ ಅಂದ ಮೇಲೇನೇ ಮತ್ತೆ."

ಎಣಿಸತೊಡಗಿದಳು. ಮೂರಕ್ಕೆ ಸೂಜಿ ಒಳಗೆ ಹೋಯಿತು. ಅವಳ ಉಗುರು ನನ್ನ ಬೆನ್ನಿಗೆ ನಾಟಿತು. ಏಳು, ಎಂಟು. ನರ ಸಿಗಲಿಲ್ಲ. ಒಂಬತ್ತು. ಸಿಸ್ಟರ್ ಹಣೆಯಲ್ಲಿ ಬೆವರು. ಇನ್ನೊಂದು ಸ್ವಲ್ಪ ತಿರುಗಿಸಿದ್ದರೆ ಸಿಗುತ್ತಿತ್ತೋ ಏನೋ. ಪುಟ್ಟಿ "ಹತ್ತು" ಅಂದಳು. ಸಿಸ್ಟರ್ ಸೂಜಿ ಹೊರಗೆ ತೆಗೆದು, ಹತ್ತಿ ಒತ್ತಿ, "ಹತ್ತು ಅಂದೆ, ನಿಲ್ಲಿಸಿದೆ. ಈ ಕೈ ಸಿಗಲಿಲ್ಲ, ಬೇಜಾರು ಮಾಡ್ಕೋಬೇಡ" ಅಂದರು.

ನಾವು ಮೂವರೂ ಸುಮ್ಮನೆ ಕೂತಿದ್ದೆವು. ಐದು ನಿಮಿಷ ಆಗಿರಬಹುದು. ಆಮೇಲೆ ಪುಟ್ಟಿ ನನ್ನ ಬೆನ್ನ ಹಿಂದಿದ್ದ ಕೈಯನ್ನು ತಾನೇ ಎಳೆದುಕೊಂಡು ದಿಂಬಿನ ಮೇಲೆ ಇಟ್ಟಳು. "ಈಗ ಹದಿನೈದು ಎಣಿಸ್ತೀನಿ" ಅಂದಳು. ಹನ್ನೊಂದಕ್ಕೆ ಕ್ಯಾನುಲಾ ಕೂತಿತು.

ಈ ರಿವ್ಯೂನಲ್ಲಿ ನಾನು ಹೇಳಬೇಕಾದ ಮುಖ್ಯ ವಿಷಯ ಇದೇ. ಆ ಕ್ರೀಮು ಬೇರೆ ಕಡೆಯೂ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಮಡಿಲಲ್ಲಿ ಕೂರಿಸಿಕೊಳ್ಳುವುದಕ್ಕೆ ಒಂದು ಕುರ್ಚಿ ಸಾಕು. ನಿಜ ಹೇಳುವುದಕ್ಕೆ ಖರ್ಚೇ ಇಲ್ಲ. ಆ ಐದು ನಿಮಿಷ ಕಾಯುವುದು ಮಾತ್ರ ಸುಲಭವಲ್ಲ. ವಾರ್ಡ್‌ನಲ್ಲಿ ಇನ್ನೂ ಹದಿನೆಂಟು ಮಕ್ಕಳಿದ್ದವು, ಆ ಹೊತ್ತಲ್ಲಿ ಇಬ್ಬರೇ ಸಿಸ್ಟರ್. ಆದರೂ ಕಾದರು. ಅದರ ಫಲ ಆಮೇಲೆ ಅವರಿಗೇ ಸಿಕ್ಕಿತು. ಉಳಿದ ಹತ್ತು ದಿನದಲ್ಲಿ ರಕ್ತ ತೆಗೆಯುವಾಗ ನನ್ನ ಮಗಳನ್ನು ಯಾರೂ ಅದುಮಿ ಹಿಡಿಯಬೇಕಾಗಲಿಲ್ಲ. ಸ್ಟೀರಾಯ್ಡ್ ಶುರು ಮಾಡುವ ಮುಂಚೆ ಟಿಬಿ ಇದೆಯಾ ಅಂತ ನೋಡಲು ಚರ್ಮಕ್ಕೆ ಒಂದು ಸೂಜಿ ಕೊಡುತ್ತಾರೆ, ಎರಡು ಮೂರು ದಿನ ಬಿಟ್ಟು ಆ ಜಾಗ ಊದಿದೆಯಾ ಅಂತ ಅಳೆಯುತ್ತಾರೆ. ಅದಕ್ಕೂ ತಾನೇ ಕೈ ಕೊಟ್ಟು "ಇದಕ್ಕೆ ಎಷ್ಟು ಎಣಿಸಬೇಕು?" ಅಂತ ಕೇಳಿದಳು.

ಇನ್ನು ಆಟದ ಕೋಣೆ. ವಾರ್ಡ್‌ನ ಕೊನೆಗೆ, ಹಿಂದೆ ಸ್ಟೋರ್ ಆಗಿದ್ದ ಜಾಗ. ದೊಡ್ಡದೇನಲ್ಲ, ಹತ್ತಡಿ ಹನ್ನೆರಡಡಿ ಇರಬಹುದು. ಕೆಳಗೆ ಒರೆಸಿದರೆ ಹೋಗುವ ಮ್ಯಾಟ್, ಗೋಡೆಗೆ ಕಪ್ಪು ಹಲಗೆ, ಕಿಟಕಿ ಪಕ್ಕ ಎರಡು ಕುಳ್ಳ ಟೇಬಲ್. ಡ್ರಿಪ್ ಸ್ಟ್ಯಾಂಡ್ ಸಮೇತ ಮಕ್ಕಳು ಒಳಗೆ ಬರಲಿ ಅಂತ ಹೊಸ್ತಿಲು ಒಡೆದು ಸಮ ಮಾಡಿದ್ದಾರೆ. ಇದನ್ನು ಯೋಚಿಸಿದವರು ಯಾರೋ, ಅವರಿಗೆ ನನ್ನ ನಮಸ್ಕಾರ. ವಾರಕ್ಕೆ ಮೂರು ದಿನ ಒಬ್ಬರು ರಿಟೈರ್ಡ್ ಟೀಚರ್ ಬರುತ್ತಾರೆ, ಮಕ್ಕಳಿಗೆಲ್ಲ ಅವರು "ಮಿಸ್". ಉಳಿದ ದಿನ ಆಯಮ್ಮ ಬೀಗ ತೆಗೆದು ಕೊಡುತ್ತಾರೆ.

ಬಾಗಿಲ ಮೇಲೆ ಮಿಸ್ ಕೈಯಲ್ಲಿ ಬರೆದ ಒಂದು ಹಾಳೆ ಅಂಟಿಸಿದ್ದಾರೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ಕಲಮಿನಲ್ಲಿ ಆಟ ಪ್ರತಿ ಮಗುವಿನ ಹಕ್ಕು ಅಂತ ಇದೆ, ನಮ್ಮ ದೇಶ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ ಅಂತ. "ಕಾಯಿಲೆ ಬಿದ್ದಿರುವ ಮಗುವಿಗೂ" ಅಂತ ಕೆಳಗೆ ಅವರೇ ಕೆಂಪು ಪೆನ್ನಿನಲ್ಲಿ ಸೇರಿಸಿದ್ದಾರೆ. ರೌಂಡ್ಸ್ ಟೈಮಲ್ಲಿ ಮಕ್ಕಳು ಮಂಚದ ಮೇಲೇ ಇರಲಿ ಅಂತ ಯಾರೋ ಗದರಿಸಿದ ಮಾರನೇ ದಿನ ಅಂಟಿಸಿದ್ದಂತೆ.

ಅಲ್ಲಿರುವ ಆಟಿಕೆಯಲ್ಲಿ ಮಕ್ಕಳು ಜಾಸ್ತಿ ಮುಟ್ಟುವುದು ಆಸ್ಪತ್ರೆ ಸಾಮಾನುಗಳನ್ನೇ. ಸೂಜಿ ತೆಗೆದ ಹೊಸ ಸಿರಿಂಜ್, ಬ್ಯಾಂಡೇಜ್ ಸುರುಳಿ, ಹಳೆಯ ಸ್ಟೆತಸ್ಕೋಪ್, ಒಂದು ಪ್ಲಾಸ್ಟಿಕ್ ಗೊಂಬೆ. ನನಗೆ ಮೊದಲು ಕಸಿವಿಸಿ ಆಯಿತು. ಇಲ್ಲಿಯೂ ಇದೇ ಬೇಕಾ ಅಂತ. ಮೂರನೇ ದಿನ ಪುಟ್ಟಿ ಆ ಗೊಂಬೆಯ ಮುಂದೆ ಕೂತಿದ್ದಳು. ಮೊದಲು ಅದರ ಕೈಗೆ ಕ್ರೀಮ್ ಹಚ್ಚುವ ಹಾಗೆ ಬೆರಳಾಡಿಸಿದಳು. ಆಮೇಲೆ ಗೋಡೆ ಕಡೆ ತಿರುಗಿ ಸುಮ್ಮನೆ ಕೂತಳು. ಏನು ಮಾಡುತ್ತಿದ್ದೀಯಾ ಅಂದರೆ "ಒಂದು ಗಂಟೆ ಕಾಯ್ತಾ ಇದೀನಿ" ಅಂದಳು. ನಿಜವಾಗಿಯೂ ತುಂಬ ಹೊತ್ತು ಕಾದಳು. ಆಮೇಲೆ ಸಿರಿಂಜ್ ಹಿಡಿದು, "ನೋವಾಗುತ್ತೆ ಪುಟ್ಟಿ, ಹತ್ತು ಎಣಿಸು" ಅಂದಳು. ಗೊಂಬೆಗೂ ತನ್ನ ಹೆಸರನ್ನೇ ಇಟ್ಟಿದ್ದಳು. ನಾನು ಹೊರಗೆ ಬಂದು ಕಾರಿಡಾರಿನಲ್ಲಿ ನಿಂತು ಅತ್ತೆ. ಆ ಮೊದಲಿನ ರಾತ್ರಿ ಅವಳ ಎದೆಯಲ್ಲಿ ಕೂತಿದ್ದ ಭಯ ಅವತ್ತು ಅವಳ ಕೈಯಿಂದ ಇಳಿದು ಹೋಗುತ್ತಿರುವುದನ್ನು ಕಣ್ಣಾರೆ ನೋಡಿದೆ.

ಈ ಕೋಣೆಯ ಕೊರತೆ ಅಂದರೆ ಟೈಮಿಂಗ್. ಬೆಳಿಗ್ಗೆ 10ರಿಂದ ಸಂಜೆ 4. ಭಾನುವಾರ ರಜೆ. ಮಕ್ಕಳ ವಾರ್ಡ್‌ನಲ್ಲಿ ಅತಿ ಕಷ್ಟದ ಹೊತ್ತು ಸಂಜೆ ಆರರಿಂದ ರಾತ್ರಿ ಹತ್ತು. ನೋಡಲು ಬಂದವರೆಲ್ಲ ಹೋಗಿರುತ್ತಾರೆ, ಒಂದು ಮಗು ಮನೆ ನೆನೆಸಿಕೊಂಡು ಅತ್ತರೆ ಸಾಲಾಗಿ ಎಲ್ಲವೂ ಶುರು. ಆಗ ಆ ಬಾಗಿಲಿಗೆ ಬೀಗ. ಎಲ್ಲರ ಕೈಯಲ್ಲೂ ಮೊಬೈಲ್, ಎಲ್ಲದರಲ್ಲೂ ಬೇರೆ ಬೇರೆ ಕಾರ್ಟೂನ್ ಸದ್ದು. ದಯವಿಟ್ಟು ಎಂಟು ಗಂಟೆವರೆಗಾದರೂ ತೆರೆದಿಡಿ. ತಾಯಂದಿರೇ ಸರದಿ ಮೇಲೆ ನೋಡಿಕೊಳ್ಳುತ್ತೇವೆ ಅಂತ ನಾವು ಆರು ಜನ ಸಹಿ ಹಾಕಿ ಅರ್ಜಿ ಕೊಟ್ಟು ಬಂದಿದ್ದೇವೆ.

ಇನ್ನೊಂದು, ದೊಡ್ಡ ಮಕ್ಕಳಿಗೆ ಅಲ್ಲಿ ಏನೂ ಇಲ್ಲ. ನಮ್ಮ ಎದುರು ಮಂಚದಲ್ಲಿ ಅರಕಲಗೂಡು ಕಡೆಯ ಹದಿಮೂರು ವರ್ಷದ ಹುಡುಗ ಇದ್ದ. ಡೆಂಗಿ. ಮೀಸೆ ಚಿಗುರುತ್ತಿರುವ ಹುಡುಗನಿಗೆ ಗೋಡೆಯ ಮೇಲಿನ ಮೊಲ, ಬಾತುಕೋಳಿ ನೋಡಿ ಏನಾಗಬೇಕು? ಸುತ್ತಲೂ ತಾಯಂದಿರು ಹಾಲು ಕುಡಿಸುತ್ತಿರುತ್ತಾರೆ, ಅವನು ಮುಖದ ಮೇಲೆ ಬೆಡ್‌ಶೀಟ್ ಎಳೆದುಕೊಂಡು ಮಲಗಿರುತ್ತಿದ್ದ. ಒಂದು ಕೇರಂ ಬೋರ್ಡ್, ಒಂದು ಚೆಸ್, ನಡುವೆ ಒಂದು ಪರದೆ. ಇಷ್ಟಿದ್ದರೆ ಸಾಕಿತ್ತು ಅನ್ನಿಸಿತು.

ನನ್ನ ಕಸುಬಿನ ಕಣ್ಣಿಗೆ ಬಿದ್ದದ್ದೊಂದು ಇದೆ. ಡ್ರಿಪ್ ಹಾಕಿದ ಮಗುವಿಗೆ ಬಟ್ಟೆ ಬದಲಿಸುವುದು ದೊಡ್ಡ ಗೋಳು. ತೋಳಿನಿಂದ ತೆಗೆಯಬೇಕಾದರೆ ಬಾಟಲಿ, ಪೈಪ್ ಎಲ್ಲ ತೋಳಿನೊಳಗಿಂದ ತೂರಿಸಬೇಕು. ಎಷ್ಟೋ ತಾಯಂದಿರು ಎರಡು ಮೂರು ದಿನ ಅದೇ ಬಟ್ಟೆಯಲ್ಲಿ ಬಿಟ್ಟಿರುತ್ತಾರೆ, ಇಲ್ಲವೇ ಒಳ್ಳೆಯ ಫ್ರಾಕಿಗೆ ಕತ್ತರಿ ಹಾಕುತ್ತಾರೆ. ನಾನು ನಮ್ಮತ್ತೆಯ ಹತ್ತಿರ ಮನೆಯಿಂದ ಕಾಟನ್ ಚೂರುಗಳನ್ನು, ಸೂಜಿ ದಾರವನ್ನು ತರಿಸಿಕೊಂಡೆ. ಪುಟ್ಟಿಯ ಎರಡು ಫ್ರಾಕಿನ ಹೆಗಲಿನಿಂದ ತೋಳಿನ ತುದಿವರೆಗೆ ಹೊಲಿಗೆ ಬಿಚ್ಚಿ, ಅಂಚು ಮಡಚಿ, ಟಿಚ್ ಬಟನ್ ಹಾಕಿದೆ. ಟಪ್ ಟಪ್ ಅಂತ ತೆಗೆದರೆ ಇಡೀ ತೋಳು ಬಿಡಿಸಿಕೊಳ್ಳುತ್ತದೆ. ಅದನ್ನು ನೋಡಿ ಪಕ್ಕದ ಮಂಚದವರು ಕೇಳಿದರು, ಅವರಿಗೂ ಮಾಡಿಕೊಟ್ಟೆ. ಡಿಸ್ಚಾರ್ಜ್ ಆಗುವಷ್ಟರಲ್ಲಿ ಏಳು. ಮನೆಗೆ ಬಂದ ಮೇಲೆ ಬೇರೆ ಬೇರೆ ಅಳತೆಯಲ್ಲಿ ಹನ್ನೆರಡು ಹೊಲಿದು ಕಳಿಸಿದ್ದೇನೆ. ನೀವು ಹೊಲಿಗೆ ಬಲ್ಲವರಾದರೆ ನಿಮ್ಮ ಊರಿನ ಆಸ್ಪತ್ರೆಗೂ ಹೀಗೆ ಮಾಡಿಕೊಡಬಹುದು. ಸಡಿಲವಾದ ಕಾಟನ್ ಇರಲಿ. ಲೋಹದ ಬಟನ್ ಬೇಡ, ಮಗು ಮಗ್ಗುಲಾದಾಗ ಒತ್ತುತ್ತದೆ. ಪ್ಲಾಸ್ಟಿಕ್ ಹಾಕಿ.

ತಾಯಂದಿರಿಗೆ ಏನಿದೆ ಅಂತ ಕೇಳಿದರೆ, ಹಗಲಿಗೆ ಒಂದು ಕುರ್ಚಿ, ರಾತ್ರಿಗೆ ಮಂಚದ ಕೆಳಗಿಂದ ಎಳೆಯುವ ತಗ್ಗಿನ ಹಾಸಿಗೆ. ಈ ಎಳೆಯುವ ಹಾಸಿಗೆ ಚೆನ್ನಾಗಿದೆ. ಆ ಇನ್ನೊಂದು ಕಡೆ ನಾನು ಇಡೀ ರಾತ್ರಿ ಸ್ಟೂಲ್ ಮೇಲೆ ಕೂತಿದ್ದೆ. ಬೆಳಿಗ್ಗೆ ಡಾಕ್ಟರ್ ಏನೋ ಹೇಳಿದ್ದು ತಲೆಗೇ ಹೋಗಿರಲಿಲ್ಲ. ಇಲ್ಲಿ ನಾಲ್ಕೈದು ಗಂಟೆಯಾದರೂ ನಿದ್ದೆ ಆಗುತ್ತಿತ್ತು. ನಿದ್ದೆ ಮಾಡಿದ ತಾಯಿಗೆ ಔಷಧದ ಲೆಕ್ಕ ನೆನಪಿರುತ್ತದೆ, ಮಗುವಿನ ಮೇಲೆ ರೇಗುವುದಿಲ್ಲ. ಸ್ನಾನಕ್ಕೆ ಬಿಸಿನೀರು ಬೆಳಿಗ್ಗೆ ಒಂದು ಗಂಟೆ ಮಾತ್ರ ಬರುತ್ತದೆ, ಅದಕ್ಕೆ ಸಾಲು. ಶೌಚಾಲಯ ಹಗಲು ಪರವಾಗಿಲ್ಲ, ರಾತ್ರಿ ಹತ್ತರ ಮೇಲೆ ಯಾರೂ ತೊಳೆಯುವುದಿಲ್ಲ. ಫ್ಲಾಸ್ಕ್, ಒಂದು ಬಕೆಟ್, ಒಂದು ಹೊದಿಕೆ ತಪ್ಪದೆ ತನ್ನಿ.

ಊಟ: ಮಗುವಿಗೆ ಅಲ್ಲೇ ಕೊಡುತ್ತಾರೆ. ಊತ ಇರುವಷ್ಟು ದಿನ ಪುಟ್ಟಿಗೆ ಉಪ್ಪು ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಪ್ಯಾಕೆಟ್ ತಿಂಡಿ ಯಾವುದೂ ಇಲ್ಲ. ಉಪ್ಪಿಲ್ಲದ ಉಪ್ಪಿಟ್ಟನ್ನು ಯಾವ ಮಗು ತಿನ್ನುತ್ತದೆ ಹೇಳಿ? ನಮ್ಮತ್ತೆ ಅಕ್ಕಿ ರೊಟ್ಟಿಗೆ ಸಬ್ಬಸಿಗೆ ಸೊಪ್ಪು, ಈರುಳ್ಳಿ, ಕಾಯಿತುರಿ, ಜೀರಿಗೆ ಜಾಸ್ತಿ ಹಾಕಿ, ಉಪ್ಪಿಲ್ಲದೆ ತಟ್ಟಿ ತರುತ್ತಿದ್ದರು. ಮೇಲೆ ಒಂದು ಚೂರು ನಿಂಬೆರಸ ಹಿಂಡಿದರೆ ಉಪ್ಪಿನ ನೆನಪಾಗುತ್ತಿರಲಿಲ್ಲ. ಆಲೂರಿನಿಂದ ಹಾಸನ ಹತ್ತಿರ. ಶಕ್ತಿ ಯೋಜನೆ ಇರುವುದರಿಂದ ಅತ್ತೆಗೆ ಬಸ್ ಚಾರ್ಜಿನ ಯೋಚನೆ ಇರಲಿಲ್ಲ, ದಿನಕ್ಕೆ ಎರಡು ಸಲ ಓಡಾಡಿದರು. 2023ರ ಜೂನ್‌ಗಿಂತ ಮುಂಚೆ ಆಗಿದ್ದರೆ ಹನ್ನೊಂದು ದಿನ ಹೀಗೆ ಓಡಾಡುವುದು ನಮ್ಮ ಕೈಲಿ ಆಗುತ್ತಿರಲಿಲ್ಲ.

ತಂದೆಯಂದಿರ ವಿಷಯದಲ್ಲಿ ಮಾತ್ರ ನನಗೆ ತುಂಬ ಬೇಜಾರಿದೆ. ರಾತ್ರಿ ಎಂಟರ ಮೇಲೆ ಗಂಡಸರು ಇರುವ ಹಾಗಿಲ್ಲ. ಹಾಲು ಕುಡಿಸುವ ತಾಯಂದಿರು ಇರುತ್ತಾರೆ, ಅದು ಅರ್ಥವಾಗುತ್ತದೆ. ಆದರೆ ಹೊರಗೆ ಕೂರಲು ಒಂದು ಬೆಂಚೂ ಇಲ್ಲವಲ್ಲ. ನಮ್ಮ ಯಜಮಾನರು ಪಿಕಪ್ ಓಡಿಸುತ್ತಾರೆ, ಶುಂಠಿ ಲೋಡು. ಹಾಸನಾಂಬ ದರ್ಶನದ ದಿನಗಳು. ಊರ ತುಂಬ ಜನ, ಲಾಡ್ಜಿನಲ್ಲಿ ರೂಮ್ ಇಲ್ಲ. ಒಂಬತ್ತು ರಾತ್ರಿ ಗಾಡಿಯ ಸೀಟಿನ ಮೇಲೇ ಮಲಗಿದರು. ಇಂದಿರಾ ಕ್ಯಾಂಟೀನ್‌ನಲ್ಲಿ 5 ರೂಪಾಯಿ ತಿಂಡಿ, 10 ರೂಪಾಯಿ ಊಟ ಇದ್ದದ್ದರಿಂದ ಹೊಟ್ಟೆಗೆ ತೊಂದರೆ ಆಗಲಿಲ್ಲ. ಆದರೆ ಮಗಳು ರಾತ್ರಿ ಎದ್ದು "ಅಪ್ಪ ಎಲ್ಲಿ" ಅಂದರೆ ಕಿಟಕಿಯಿಂದ ಗಾಡಿ ತೋರಿಸುತ್ತಿದ್ದೆ. ಅವರು ಫೋನ್ ಟಾರ್ಚ್ ಆನ್ ಮಾಡಿ ಎರಡು ಸಲ ಮಿನುಗಿಸುತ್ತಿದ್ದರು, ಆಮೇಲೆ ಇವಳು ಮಲಗುತ್ತಿದ್ದಳು.

ಒಂದು ಸಂಜೆ ದೊಡ್ಡ ಡಾಕ್ಟರ್ ಹತ್ತಿರ ಈ ಮಾತು ಎತ್ತಿದೆ. ಅವರು ಸಿಟ್ಟಾಗಲಿಲ್ಲ. ಕೂತುಕೊಂಡು ಹೇಳಿದರು, "ನೋಡಿ ಅಮ್ಮ, ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿ ತಾಯಿಯನ್ನೂ ಒಳಗೆ ಬಿಡ್ತಿರಲಿಲ್ಲ. ಮಗು ನೋಡೋಕೆ ಇಂತಿಷ್ಟೇ ಹೊತ್ತು ಅಂತ ಇತ್ತು. ತಾಯಿ ಬಂದು ಹೋದ್ರೆ ಮಗು ಅಳುತ್ತೆ, ಬರದಿದ್ರೆ ಸುಮ್ನಿರುತ್ತೆ ಅಂತ ಅವರ ಲೆಕ್ಕ. 1959ರಲ್ಲಿ ಪ್ಲಾಟ್ ಸಮಿತಿ ವರದಿ ಕೊಟ್ಟ ಮೇಲೆ ನಿಧಾನಕ್ಕೆ ಬದಲಾಯ್ತು." ತಾಯಿ ಪಕ್ಕದಲ್ಲಿರುವುದೂ ಒಂದು ಔಷಧ ಅಂತ ಒಪ್ಪುವುದಕ್ಕೆ ಅಷ್ಟು ದೊಡ್ಡ ದೇಶಕ್ಕೇ ಸಮಿತಿ ಬೇಕಾಯಿತಲ್ಲ! ನಮ್ಮ ಕಡೆ ತಾಯಿ, ಅಜ್ಜಿ, ದೊಡ್ಡಮ್ಮ ಎಲ್ಲ ಬಂದು ಕೂರುವುದು ಮೊದಲಿಂದ ಇದ್ದದ್ದೇ. ಅದನ್ನು ಗದ್ದಲ ಅಂತ ನೋಡದೆ ಬಲ ಅಂತ ನೋಡಿದರೆ ಅರ್ಧ ಕೆಲಸ ಆದ ಹಾಗೆ. ಅಪ್ಪಂದಿರಿಗೆ ಮೆಟ್ಟಿಲ ಪಕ್ಕ ನಾಲ್ಕು ಬೆಂಚು ಹಾಕಿಸುತ್ತೇನೆ ಅಂದಿದ್ದಾರೆ ಡಾಕ್ಟರ್. ಹೋದ ವಾರ ಚೆಕಪ್‌ಗೆ ಹೋದಾಗ ಎರಡು ಬಂದಿದ್ದವು.

ಮನೆಯಲ್ಲಿ ಮೂರು ವರ್ಷದ ಮಗನಿದ್ದಾನೆ. ಚಿಕ್ಕ ಮಕ್ಕಳನ್ನು ವಾರ್ಡ್ ಒಳಗೆ ಬಿಡುವುದಿಲ್ಲ, ಸೋಂಕಿನ ಭಯ. ಐದನೇ ದಿನದ ಹೊತ್ತಿಗೆ ಅವನು ಅಕ್ಕನ ತಟ್ಟೆ ತೆಗೆದು ಅಡುಗೆಮನೆ ಮೂಲೆಯಲ್ಲಿ ಬಚ್ಚಿಟ್ಟಿದ್ದನಂತೆ. ಯಾಕೋ ಅಂದರೆ "ಅಕ್ಕ ಬರಲ್ಲ, ಬೇರೆಯವರು ತಗೋತಾರೆ" ಅಂದನಂತೆ. ಇದನ್ನು ಕೇಳಿ ಮಿಸ್ ಪುಟ್ಟಿಯ ಅಂಗೈಯನ್ನು ಬಣ್ಣದಲ್ಲಿ ಅದ್ದಿ ಹಾಳೆಯ ಮೇಲೆ ಒತ್ತಿಸಿ, "ಇದರ ಪಕ್ಕ ತಮ್ಮನ ಕೈ ಒತ್ತಿಸಿ ವಾಪಸ್ ಕಳಿಸಿ" ಅಂತ ಅತ್ತೆಯ ಕೈಯಲ್ಲಿ ಕೊಟ್ಟರು. ಮಾರನೇ ದಿನ ಎರಡು ಕೈ ಇರುವ ಹಾಳೆ ಬಂತು. ಅವನ ಕೈ ಅರಿಶಿನದ್ದು, ಮನೆಯಲ್ಲಿ ಬೇರೆ ಬಣ್ಣ ಇರಲಿಲ್ಲ. ಅದನ್ನು ಮಂಚದ ಕಂಬಿಗೆ ಕಟ್ಟಿದೆವು.

ನಾಲ್ಕನೇ ಮಂಚದ ವಿಷಯ ಬರೆಯದಿದ್ದರೆ ನನಗೆ ಸಮಾಧಾನ ಇಲ್ಲ. ಸಕಲೇಶಪುರದ ಕಡೆ ಎಸ್ಟೇಟಿನಲ್ಲಿ ಕೆಲಸ ಮಾಡುವ ಅಸ್ಸಾಮಿನ ಒಂದು ಜೋಡಿ. ಮಗುವಿಗೆ ಒಂದೂವರೆ ವರ್ಷ, ನ್ಯುಮೋನಿಯಾ. ಆ ತಾಯಿಗೆ ಕನ್ನಡ ಬರದು, ಹಿಂದಿಯೂ ಅಷ್ಟಕ್ಕಷ್ಟೆ. ಅವಳಿಗೆ ಯಾರೂ ಏನೂ ವಿವರಿಸುತ್ತಿರಲಿಲ್ಲ. ಬಂದು ಮಗುವಿನ ಮುಖಕ್ಕೆ ಆಕ್ಸಿಜನ್ ಹಿಡಿದಾಗ ಉಸಿರು ಕಟ್ಟಿಸುತ್ತಾರೆ ಅಂದುಕೊಂಡು ಕಿತ್ತು ಹಾಕಿದಳು. ಬೈಸಿಕೊಂಡಳು. ನನ್ನ ಮಗಳಿಗೆ ಸಿಕ್ಕ ಆ ನಿಜದ ಮಾತು ಅವಳಿಗೆ ಸಿಗಲಿಲ್ಲ. ಕೊನೆಗೆ ಮಿಸ್ ಮಾಸ್ಕನ್ನು ಮೊದಲು ತಮ್ಮ ಮುಖಕ್ಕೆ, ಆಮೇಲೆ ಅವಳ ಮುಖಕ್ಕೆ, ಆಮೇಲೆ ಗೊಂಬೆಯ ಮುಖಕ್ಕೆ ಹಿಡಿದು ತೋರಿಸಿದರು. ಅವಳು ಉಸಿರೆಳೆದು ನೋಡಿ, ತಾನೇ ಮಗುವಿಗೆ ಹಿಡಿದಳು. ನಮ್ಮ ಕಾಫಿ ತೋಟ, ಶುಂಠಿ ಹೊಲದಲ್ಲೆಲ್ಲ ಈಗ ಹೊರಗಿನಿಂದ ಬಂದು ದುಡಿಯುವವರು ಎಷ್ಟೊಂದು ಜನ. ಅವರ ಮಕ್ಕಳೂ ಇದೇ ವಾರ್ಡ್‌ಗೆ ಬರಬೇಕು. ಸೂಜಿ, ಆಕ್ಸಿಜನ್, ಎಕ್ಸ್‌ರೇ, ಊಟ ಬೇಡ, ಹಾಲು ಕೊಡಬಹುದು ಅಂತ ಹತ್ತು ಚಿತ್ರದ ಕಾರ್ಡ್ ಮಾಡಿಟ್ಟರೆ ಎಷ್ಟು ಕಣ್ಣೀರು ಉಳಿಯುತ್ತದೆ! ಇದು ಈ ವಾರ್ಡ್‌ನ ದೊಡ್ಡ ಕೊರತೆ ಅಂತಲೇ ಹೇಳುತ್ತೇನೆ.

ದುಡ್ಡಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಅವಕಾಶ ಇದೆ. ಆರೋಗ್ಯ ಮಿತ್ರ ಅಂತ ಕೌಂಟರಿನಲ್ಲಿ ಕೂತಿರುತ್ತಾರೆ, ಮೊದಲ ದಿನವೇ ರೇಷನ್ ಕಾರ್ಡ್, ಆಧಾರ್ ಹಿಡಿದು ಅವರನ್ನು ಕಾಣಿ. ಡಿಸ್ಚಾರ್ಜ್ ದಿನಕ್ಕೆ ಇಟ್ಟುಕೊಳ್ಳಬೇಡಿ.

ಮನೆಗೆ ಕಳಿಸುವ ಮುಂಚೆ ಕಲಿಸಿಕೊಟ್ಟದ್ದು ತುಂಬ ಚೆನ್ನಾಗಿತ್ತು. ದಿನಾ ಬೆಳಿಗ್ಗೆ ಮೊದಲ ಉಚ್ಚೆಯಲ್ಲಿ ಪಟ್ಟಿ ಅದ್ದಿ ನೋಡಬೇಕು. ಹಳದಿ ಉಳಿದರೆ ಪ್ರೋಟೀನ್ ಇಲ್ಲ, ಹಸಿರಾದಷ್ಟೂ ಜಾಸ್ತಿ. ವಾರ್ಡ್‌ನಲ್ಲಿ ಸಿಸ್ಟರ್ ಪುಟ್ಟಿಯ ಕೈಯಲ್ಲೇ ಪಟ್ಟಿ ಕೊಟ್ಟು, ಡಬ್ಬಿಯ ಮೇಲಿನ ಬಣ್ಣಕ್ಕೆ ಹೋಲಿಸಿ ನೋಡಲು ಹೇಳಿಕೊಟ್ಟಿದ್ದರು. ಮೊದಲ ವಾರ ಪ್ರತಿದಿನ ಹಸಿರು. "ನನ್ನ ಉಚ್ಚೆ ಇನ್ನೂ ಪಾಚಿ" ಅನ್ನುತ್ತಿದ್ದಳು. ಹತ್ತನೇ ದಿನ ಬೆಳಿಗ್ಗೆ ಹಳದಿಗೆ ಹತ್ತಿರ ಬಂತು. ಅವತ್ತು ದೀಪಾವಳಿ. ಆಟದ ಕೋಣೆಯಲ್ಲಿ ಮಕ್ಕಳು ಬಣ್ಣದ ಕಾಗದದಲ್ಲಿ ಆಕಾಶಬುಟ್ಟಿ ಮಾಡುತ್ತಿದ್ದರು. ಪುಟ್ಟಿ ಪಟ್ಟಿ ಹಿಡಿದು ಓಡಿಬಂದು ಎಲ್ಲರಿಗೂ ತೋರಿಸಿದಳು. ಆ ಹದಿಮೂರು ವರ್ಷದ ಹುಡುಗನೂ ಬೆಡ್‌ಶೀಟ್ ಸರಿಸಿ ನೋಡಿ, "ಸೂಪರ್ ಕಣೇ" ಅಂದ.

ಮಾತ್ರೆ ಒಟ್ಟು 12 ವಾರ: ಆರು ವಾರ ದಿನವೂ, ಆರು ವಾರ ದಿನ ಬಿಟ್ಟು ದಿನ. ನಮಗೆ ನಾವೇ ನಿಲ್ಲಿಸುವ ಹಾಗಿಲ್ಲ. ಹಸಿವು ಜಾಸ್ತಿ ಆಗುತ್ತದೆ, ಮುಖ ಗುಂಡಗಾಗುತ್ತದೆ, ಸಿಟ್ಟು ಬರುತ್ತದೆ ಅಂತ ಮೊದಲೇ ಹೇಳಿದ್ದರು. ನನಗೆ ಮಾತ್ರ ಅಲ್ಲ, ಅವಳಿಗೂ ಹೇಳಿದ್ದರು. ಹಾಗಾಗಿ ಸ್ಕೂಲಿನಲ್ಲಿ ಯಾರೋ ಕೆನ್ನೆ ಹಿಂಡಿದಾಗ "ಇದು ಮಾತ್ರೆಯಿಂದ, ಆಮೇಲೆ ಹೋಗುತ್ತೆ" ಅಂತ ತಾನೇ ಉತ್ತರ ಕೊಟ್ಟಳಂತೆ. ಮೂರು ದಿನ ಸತತ ಪಟ್ಟಿಯಲ್ಲಿ ಮೂರು ಪ್ಲಸ್, ಅಂದರೆ ಕಡು ಹಸಿರು ಬಂದರೆ ತಕ್ಷಣ ಬರಬೇಕು ಅಂತ ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದುಕೊಟ್ಟಿದ್ದಾರೆ.

ಐದಕ್ಕೆ ಎಷ್ಟು ಅಂದರೆ, ಸಿಸ್ಟರ್‌ಗಳಿಗೂ ಮಿಸ್‌ಗೂ ಐದು. ಆಟದ ಕೋಣೆಗೆ ನಾಲ್ಕು, ರಾತ್ರಿ ತೆರೆದರೆ ಐದು. ತಂದೆಯಂದಿರ ವ್ಯವಸ್ಥೆಗೆ ಒಂದೂವರೆ, ಅದೂ ಆ ಎರಡು ಬೆಂಚಿಗೆ. ಭಾಷೆ ಬರದವರಿಗೆ ವಿವರಿಸುವುದಕ್ಕೆ ಒಂದು.

ಆಟಿಕೆ ಕೊಡಬೇಕು ಅನ್ನುವವರಿಗೆ ಒಂದು ಮಾತು. ತುಪ್ಪಳದ ಗೊಂಬೆ, ಕರಡಿ ಕೊಡಬೇಡಿ. ಪ್ರತಿ ಮಗು ಮುಟ್ಟಿದ ಮೇಲೆ ಒರೆಸಲು ಆಗುವುದಿಲ್ಲ, ಸೋಂಕು ಹರಡುತ್ತದೆ ಅಂತ ಅವರು ತೆಗೆದುಕೊಳ್ಳುವುದಿಲ್ಲ. ಪ್ಲಾಸ್ಟಿಕ್ ಬ್ಲಾಕ್ಸ್, ಹೊಸ ಕ್ರೇಯಾನ್ ಡಬ್ಬಿ, ಡ್ರಾಯಿಂಗ್ ಪುಸ್ತಕ, ಸೋಪಿನ ಗುಳ್ಳೆ ಊದುವ ಬಾಟಲಿ ಕೊಡಿ. ಗುಳ್ಳೆ ಬಾಟಲಿ ಬೇಗ ಖಾಲಿ ಆಗುತ್ತದೆ, ಚಿಕ್ಕ ಮಕ್ಕಳಿಗೆ ಸೂಜಿ ಹಾಕುವಾಗ ಊದಿಸುತ್ತಾರೆ. ಕೇರಂ ಬೋರ್ಡ್ ನಾವು ಮುಂದಿನ ಚೆಕಪ್‌ಗೆ ಹೋಗುವಾಗ ಗಾಡಿಯಲ್ಲಿ ತೆಗೆದುಕೊಂಡು ಹೋಗುತ್ತಿದ್ದೇವೆ. ಚೆಸ್ ಬೋರ್ಡ್ ಇನ್ನೂ ಯಾರೂ ಕೊಟ್ಟಿಲ್ಲ.